ಅರ್ಧಕ್ಕೆ ನಿಂತ ಪ್ರತಿಷ್ಠಾಪನೆ

ಎತ್ತಿಗೆ ಮೈ ಬಿಸಿಯಾದರೆ ಊರಿನಲ್ಲಿ ಔಷಧ ಹೇಳದವರು ಯಾರೂ ಇಲ್ಲ. ಕಂಪ್ಯೂಟರು ಕೆಟ್ಟರೂ ಹಾಗೆಯೇ. ವ್ಯತ್ಯಾಸವಿಷ್ಟೆ: ಎತ್ತಿಗೆ ಹತ್ತು ಜನ ಹತ್ತು ಔಷಧ ಹೇಳುತ್ತಾರೆ, ಕಂಪ್ಯೂಟರಿಗೆ ಹತ್ತು ಜನವೂ ಒಂದೇ ಔಷಧ ಹೇಳುತ್ತಾರೆ. “ಫಾರ್ಮ್ಯಾಟ್ ಮಾಡಿ, ಎಲ್ಲಾ ಹೊಸದಾಗಿ ಹಾಕಿಬಿಡಿ.” ಫಾರ್ಮ್ಯಾಟ್ ಎಂದರೆ ಸ್ಲೇಟನ್ನು ಒರೆಸುವುದು. ಹೊಸದಾಗಿ ಹಾಕುವುದು ಎಂದರೆ ಆಪರೇಟಿಂಗ್ ಸಿಸ್ಟಮ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಒಂದು ತಟ್ಟೆಯಿಂದ ಯಂತ್ರದೊಳಕ್ಕೆ ಇಳಿಸುವುದು.

ಈ ವ್ಯವಸ್ಥೆ ಇಲ್ಲದ ಕಂಪ್ಯೂಟರು ವಿಗ್ರಹವಿಲ್ಲದ ಗುಡಿಯಂತೆ. ಗೋಡೆ ಇದೆ, ಗೋಪುರ ಇದೆ, ಗಂಟೆಯೂ ಇದೆ, ಕೈಮುಗಿದರೆ ಕೇಳುವವರಿಲ್ಲ. ಒತ್ತಿದ ಅಕ್ಷರ ತೆರೆಯ ಮೇಲೆ ಮೂಡುವುದು, ಬರೆದದ್ದು ನಾಳೆಗೂ ಉಳಿಯುವುದು, ಕೇಳಿದ ಕಡತ ಕೇಳಿದ ಕೂಡಲೇ ಬಂದು ನಿಲ್ಲುವುದು, ಎಲ್ಲವೂ ಅದರ ಅಪ್ಪಣೆಯಿಂದ. ಆದ್ದರಿಂದ ಅದನ್ನು ಒಳಗೆ ಕೂರಿಸುವ ಕೆಲಸವನ್ನು ನಾನು ಪ್ರತಿಷ್ಠಾಪನೆ ಎಂದೇ ಕರೆಯುತ್ತೇನೆ. ಅದು ಅರ್ಧಕ್ಕೆ ನಿಂತರೆ ಹಳೆಯ ದೇವರು ಎದ್ದು ಹೋಗಿರುತ್ತಾನೆ, ಹೊಸಬ ಬಂದು ಕುಳಿತಿರುವುದಿಲ್ಲ. ಅಂಥ ಒಂದು ಪ್ರಸಂಗವನ್ನೂ, ಅದರಲ್ಲಿ ನಾನು ಒಂದರ ಮೇಲೊಂದರಂತೆ ಮಾಡಿದ ತಪ್ಪುಗಳನ್ನೂ ಇಂದು ನಿಮಗೆ ಹೇಳಬೇಕೆಂದಿದ್ದೇನೆ.

2014ರ ದಸರಾ ರಜೆಯ ಮಾತು. ಚಳ್ಳಕೆರೆಯ ಕಡೆ ಒಂದು ಹಳ್ಳಿಯಲ್ಲಿರುವ ನಮ್ಮ ಸೋದರಮಾವನ ಮನೆಯಿಂದ ಅತ್ತೆ ಫೋನು ಮಾಡಿದರು. “ನಿಮ್ಮ ಮಾವನ ಕಂಪ್ಯೂಟರು ಮೂರು ದಿನದಿಂದ ಮಾತಾಡ್ತಿಲ್ಲ. ಇವರೂ ಮಾತಾಡ್ತಿಲ್ಲ. ನೀನು ಬಂದು ಇಬ್ಬರಲ್ಲಿ ಒಬ್ಬರನ್ನಾದರೂ ಸರಿ ಮಾಡಪ್ಪಾ” ಎಂದರು. ಮಾವ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟರಾಗಿದ್ದು ನಿವೃತ್ತರಾದವರು. ಯಂತ್ರ ವಿಂಡೋಸ್ ಎಕ್ಸ್‌ಪಿ ಹಾಕಿದ್ದ ಹಳೆಯದು. ಹೊತ್ತಿಸಿದರೆ ಕಪ್ಪು ತೆರೆಯ ಮೇಲೆ, ಇಂಥ ಕಡತ ಕಾಣೆಯಾಗಿದೆ ಅಥವಾ ಕೆಟ್ಟಿದೆ ಎಂದು ಬಿಳಿಯ ಅಕ್ಷರದಲ್ಲಿ ಹೇಳಿ ಸುಮ್ಮನಾಗುತ್ತಿತ್ತು. ತಾಲ್ಲೂಕು ಊರಿನ ರಿಪೇರಿಯವನು ನಾನು ಮೊದಲೇ ಹೇಳಿದ ಔಷಧವನ್ನೇ ಹೇಳಿದ್ದ. ನಾನೂ ಫೋನಿನಲ್ಲಿ ಅದನ್ನೇ ಹೇಳಿದೆ. ಎಕ್ಸ್‌ಪಿಗೆ ಅದೇ ವರ್ಷದ ಏಪ್ರಿಲ್ 8ರಂದು ತಯಾರಕರ ಬೆಂಬಲ ನಿಂತಿತ್ತು. ಹೇಗೂ ಹಾಕುವುದಾದರೆ ಉಚಿತವಾಗಿ ಸಿಗುವ ಲಿನಕ್ಸನ್ನೇ ಹಾಕೋಣ ಎಂದು ಅಂದು ರಾತ್ರಿ ಎರಡು ತಟ್ಟೆ ಬರೆದುಕೊಂಡು ಬೆಳಗಿನ ಬಸ್ಸು ಹಿಡಿದೆ. ಒಂದು ಡಿ. ವಿ. ಡಿ.ಯಲ್ಲಿ ಉಬುಂಟು. ಇನ್ನೊಂದು ಸಿ. ಡಿ.ಯಲ್ಲಿ ಅದರ ತಮ್ಮನಂಥ ಹಗುರವಾದ ಲುಬುಂಟು. ಯಂತ್ರದ ಒಳಗೆ ಏನಿದೆ ಎಂದು ಮಾವನನ್ನು ಕೇಳಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ನಾನು ಮರೆತಿದ್ದೆ.

ಊಟವಾದ ಮೇಲೆ ಕೆಲಸಕ್ಕೆ ಕುಳಿತೆ. ಡಿ. ವಿ. ಡಿ.ಯನ್ನು ಡ್ರೈವಿನ ಬಾಯಿಗೆ ಕೊಟ್ಟೆ. ಅದು ನುಂಗಿತು, ಗೊರಗೊರ ಎಂದಿತು, ಮತ್ತೆ ಗೊರಗೊರ ಎಂದಿತು, ಸುಮ್ಮನಾಯಿತು. ತಟ್ಟೆ ಕೆಟ್ಟಿತೆಂದು ಬಟ್ಟೆಯಿಂದ ಒರೆಸಿದೆ. ಡ್ರೈವು ಕೆಟ್ಟಿತೆಂದು ಊದಿದೆ. ಕಾಲು ಗಂಟೆ ಕಳೆದ ಮೇಲೆ ಮಾವ ಕನ್ನಡಕ ಏರಿಸಿಕೊಂಡು ಡ್ರೈವಿನ ಮುಖದ ಮೇಲಿನ ಮುದ್ರೆಯನ್ನು ಓದಿದರು. “ಇದರ ಮೇಲೆ ಕಾಂಪ್ಯಾಕ್ಟ್ ಡಿಸ್ಕ್ ಅಂತ ಮಾತ್ರ ಇದೆಯಲ್ಲಪ್ಪಾ!” ನಿಜ. ಅದು ಸಿ. ಡಿ. ಮಾತ್ರ ಓದಬಲ್ಲ ಡ್ರೈವು. ಎರಡು ತಟ್ಟೆಗಳೂ ಅಳತೆಯಲ್ಲಿ, ಹೊಳಪಿನಲ್ಲಿ ಅವಳಿಜವಳಿಗಳು; ಆದರೆ ಡಿ. ವಿ. ಡಿ.ಯ ಗುಳಿಗಳು ಇನ್ನೂ ಸಣ್ಣವು, ಅವನ್ನು ಓದುವ ಬೆಳಕೇ ಬೇರೆ. ಹಿಂದೆ ಉಬುಂಟು ಒಂದು ಸಿ. ಡಿ.ಯಲ್ಲಿ ಹಿಡಿಯುತ್ತಿತ್ತು. 2012ರ ಅಕ್ಟೋಬರಿನ ಆವೃತ್ತಿಯಿಂದ ಅದು ಸಿ. ಡಿ.ಯ 700 ಮೆಗಾಬೈಟನ್ನು ಮೀರಿ ಬೆಳೆದುಬಿಟ್ಟಿತು. ಹಳೆಯ ಯಂತ್ರದವರು ಈ ಒಂದು ಕಾರಣದಿಂದಲೇ ಎಷ್ಟು ಬಾರಿ ತಟ್ಟೆ ಒರೆಸಿದರೋ!

ಒರೆಸುವ ಮಾತು ಬಂದದ್ದರಿಂದ ಹೇಳುತ್ತೇನೆ. ನೀವು ರೇಡಿಯೋದ ಮುಂದೆ ಕುಳಿತಿದ್ದೀರಿ, ನಿಮಗೆ ತಟ್ಟೆ ತೋರಿಸಲಾರೆ; ಒಂದು ಸಿ. ಡಿ. ನಿಮ್ಮ ಕೈಯಲ್ಲಿದೆ ಎಂದು ಭಾವಿಸಿ. ಅದರಲ್ಲಿ ಬರಹ ನಡುವಿನ ತೂತಿನ ಬಳಿ ಆರಂಭವಾಗಿ ಜಿಲೇಬಿಯ ಸುರುಳಿಯಂತೆ ಹೊರಕ್ಕೆ ಸುತ್ತುತ್ತ ಹೋಗುತ್ತದೆ. ಆ ಸುರುಳಿಯನ್ನು ಬಿಚ್ಚಿ ಉದ್ದಕ್ಕೆ ಹಾಸಿದರೆ ಸುಮಾರು ಐದು ಕಿಲೋಮೀಟರು ಆಗುತ್ತದೆ. ನಾವು ಸಹಜವಾಗಿ ಬಟ್ಟೆಯನ್ನು ಗುಂಡಗೆ ತಿರುಗಿಸಿ ಒರೆಸುತ್ತೇವೆ. ಬಟ್ಟೆಯಲ್ಲಿ ಒಂದು ಮರಳಿನ ಕಣವಿದ್ದರೆ ಅದು ಸುರುಳಿಯ ಗುಂಟವೇ ಗೀರುತ್ತದೆ, ಉದ್ದಕ್ಕೆ ಒಂದೇ ಸಾಲನ್ನು ಅಳಿಸಿದಂತಾಗುತ್ತದೆ. ಆದ್ದರಿಂದ ನಡುವಿನಿಂದ ಅಂಚಿನ ಕಡೆಗೆ, ಗಾಡಿಯ ಚಕ್ರದ ಅರಕಾಲುಗಳಂತೆ ನೇರವಾಗಿ ಒರೆಸಬೇಕು. ಗೀರು ಬಿದ್ದರೂ ಸಾಲುಗಳನ್ನು ಅಡ್ಡ ದಾಟುತ್ತದೆ, ಒಂದೊಂದು ಸಾಲಿನಿಂದ ಒಂದೊಂದು ಚೂರು ಮಾತ್ರ ಹೋಗುತ್ತದೆ. ಅಷ್ಟನ್ನು ಯಂತ್ರ ತಾನೇ ತುಂಬಿಕೊಳ್ಳುತ್ತದೆ. ಇನ್ನೊಂದು ಸಂಗತಿ: ಹೊಳೆಯುವ ಮುಖಕ್ಕಿಂತ, ಹೆಸರು ಬರೆಯುವ ಮುಖವೇ ಸಿ. ಡಿ.ಯಲ್ಲಿ ನಾಜೂಕು. ಪ್ರತಿಫಲಿಸುವ ಪದರ ಆ ಬಣ್ಣದ ಕೆಳಗೇ ಇದೆ. ಬಾಲ್ ಪೆನ್ನಿನಿಂದ ಅಲ್ಲಿ ಒತ್ತಿ ಬರೆಯುವವರು ದೇವರ ಹೆಸರನ್ನೇ ಬರೆದರೂ ಕೆಳಗಿರುವುದು ಕೆಡುತ್ತದೆ.

ಯಂತ್ರ ತಾನೇ ತುಂಬಿಕೊಳ್ಳುತ್ತದೆ ಎಂದೆನಲ್ಲ, ಅದು ಸಣ್ಣ ಮಾತಲ್ಲ. ರೀಡ್ ಮತ್ತು ಸಾಲೊಮನ್ ಎಂಬ ಇಬ್ಬರು ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ಒಂದು ಲೆಕ್ಕದ ಫಲ ಅದು, 1982ರಲ್ಲಿ ಸಿ. ಡಿ. ಮಾರುಕಟ್ಟೆಗೆ ಬಂದಾಗ ಆ ಲೆಕ್ಕ ಪ್ರತಿಯೊಂದು ಹಾಡಿನ ತಟ್ಟೆಯೊಳಗೂ ಬಂದು ಕುಳಿತಿತು. ಹಾಡಿನ ತಟ್ಟೆಯಲ್ಲಿ ಲೆಕ್ಕಕ್ಕೂ ಮೀರಿ ಒಂದು ಚೂರು ಹೋದರೆ ಯಂತ್ರ ಅಕ್ಕಪಕ್ಕದ ನಾದವನ್ನು ನೋಡಿ ನಡುವಿನದನ್ನು ಊಹಿಸಿ ನುಡಿಸಿಬಿಡುತ್ತದೆ. ನಮ್ಮ ಕಿವಿಗೆ ಗೊತ್ತಾಗುವುದಿಲ್ಲ, ಗೊತ್ತಾದರೂ ಕ್ಷಮಿಸುತ್ತೇವೆ. ಕಾರ್ಯಾಚರಣ ವ್ಯವಸ್ಥೆಯಲ್ಲಿ ಊಹೆ ನಡೆಯದು. ಅಲ್ಲಿ ಪ್ರತಿಯೊಂದು ಬಿಂದುವೂ ಅಪ್ಪಣೆ. ಹೀಗಾಗಿ ಮಾಹಿತಿಯ ಸಿ. ಡಿ.ಯಲ್ಲಿ ಒಂದೊಂದು ತುಂಡಿಗೆ 2352 ಬೈಟುಗಳ ಜಾಗವಿದ್ದರೂ ನಮ್ಮ ಸರಕಿಗೆ ಸಿಗುವುದು 2048 ಮಾತ್ರ. ಉಳಿದ 304ರಲ್ಲಿ ಬಹುಪಾಲು ಇನ್ನೂ ಒಂದು ಸುತ್ತು ತಪ್ಪು ತಿದ್ದುವುದಕ್ಕೇ ಮೀಸಲು. ಇಷ್ಟಾದರೂ ಸರಿಹೋಗದಿದ್ದರೆ ಯಂತ್ರ ಓದಲಾರೆ ಎಂದು ಪ್ರಾಮಾಣಿಕವಾಗಿ ಕೈ ಚೆಲ್ಲುತ್ತದೆ.

ಸರಿ, ಎರಡನೆಯ ತಟ್ಟೆ ಹಾಕಿದೆ. ಯಂತ್ರ ಅದರ ಕಡೆ ತಿರುಗಿಯೂ ನೋಡಲಿಲ್ಲ. ಮತ್ತೆ ಅದೇ ಬಿಳಿಯ ಅಕ್ಷರ. ಕಂಪ್ಯೂಟರು ಎಚ್ಚರಗೊಂಡ ಕ್ಷಣದಲ್ಲಿ ಅದಕ್ಕೆ ಗೊತ್ತಿರುವುದು ಬಹಳ ಕಡಿಮೆ. ಬಯಾಸ್ ಎಂಬ ಒಂದು ಪುಟ್ಟ ಚೀಟಿ ತಾಯಿಹಲಗೆಯ ಮೇಲಿರುತ್ತದೆ. ಮೊದಲು ಯಾರ ಮನೆ ಬಾಗಿಲು ತಟ್ಟಬೇಕು, ಆಮೇಲೆ ಯಾರದು ಎಂಬ ಸರದಿಯನ್ನು ಅದು ಹೇಳುತ್ತದೆ. ತಟ್ಟೆಯ ಬಾಗಿಲನ್ನೂ ತಟ್ಟಬಹುದು ಎಂಬ ಪದ್ಧತಿ ಗೊತ್ತಾದದ್ದೇ 1995ರಲ್ಲಿ, ಎರಡು ಕಂಪನಿಗಳು ಸೇರಿ ಒಂದು ನಿಯಮಾವಳಿ ಬರೆದಾಗ. ಅದಕ್ಕೆ ಅವರು ಇಟ್ಟ ಹೆಸರು ಎಲ್ ಟೊರಿಟೊ. ಮಾವನ ಯಂತ್ರದ ಸರದಿಯಲ್ಲಿ ಹಾರ್ಡ್ ಡಿಸ್ಕು ಮೊದಲಿತ್ತು. ಹೊತ್ತಿಸಿದ ಕೂಡಲೇ ಡಿಲೀಟ್ ಗುಂಡಿಯನ್ನು ಒತ್ತಿ ಒಳಗೆ ಹೋಗಿ ತಟ್ಟೆಯನ್ನು ಮುಂದಕ್ಕೆ ತಂದೆ. ಸ್ವಲ್ಪ ಹೊತ್ತು ಕರೆಂಟು ಹೋಯಿತು. ಮತ್ತೆ ಬಂದಾಗ ಸರದಿ ಹಿಂದಿನಂತೆಯೇ ಇತ್ತು, ಯಂತ್ರದ ಗಡಿಯಾರ ಹತ್ತು ಹನ್ನೆರಡು ವರ್ಷ ಹಿಂದಕ್ಕೆ ಹೋಗಿತ್ತು. ನಾಣ್ಯದಂಥ ಒಂದು ಬ್ಯಾಟರಿ ಸತ್ತಿತ್ತು, ಅಷ್ಟೆ. ಅಂಗಡಿಯಲ್ಲಿ ಸಿಗುವ ವಸ್ತು. ಆದರೆ ಅದನ್ನು ತಿಳಿಯದೆ ಪ್ರತಿ ಬಾರಿ ತಟ್ಟೆಯನ್ನು ಬಯ್ಯುವವರಿದ್ದಾರೆ.

ಕೊನೆಗೆ ಲುಬುಂಟು ಎದ್ದಿತು. ಚಿತ್ರ ಬಂತು, ಬಾಣದ ಗುರುತು ಓಡಾಡಿತು, ಮಾವನ ಮುಖ ಅರಳಿತು. ಎರಡು ನಿಮಿಷದಲ್ಲಿ ಎಲ್ಲವೂ ಕಲ್ಲಾಯಿತು. ಮತ್ತೆ ಹೊತ್ತಿಸಿದೆ. ಈ ಬಾರಿ ಚಿತ್ರವೂ ಬರುವ ಮುಂಚೆ ಓದುವ ದೋಷ ಎಂದು ಸಾಲು ಸಾಲಾಗಿ ಬಂದು ನಿಂತಿತು. ಮೂರನೆಯ ಬಾರಿ ಪ್ರತಿಷ್ಠಾಪನೆಯ ಪುಟದವರೆಗೆ ಹೋದೆವು. ಮುಂದಿನ ಪುಟದಲ್ಲಿ, ಡಿಸ್ಕನ್ನು ಪೂರ್ತಿ ಅಳಿಸಿ ಸ್ಥಾಪಿಸಲೇ ಎಂದು ಕೇಳುತ್ತದೆ. ಹೌದು ಎನ್ನಬೇಕೆಂದು ನಾನು ಮೊದಲೇ ನಿಶ್ಚಯಿಸಿದ್ದೆ. ಮುಂದೆ ಎಂಬ ಗುಂಡಿಯನ್ನು ಒತ್ತಿದೆ. ಗುಂಡಿ ಒತ್ತಿದಂತೆಯೇ ಉಳಿಯಿತು, ಬಾಣ ನಿಂತಿತು, ಪುಟ ಬರಲಿಲ್ಲ.

ಕಾಯುತ್ತ ಕುಳಿತಾಗ ಮಾವ ಕೇಳಿದರು, “ಅಲ್ಲಪ್ಪಾ, ಇದು ಹೊಸದಾದ ಮೇಲೆ ನನ್ನ ಪದಗಳು ಎಲ್ಲಿರ್ತಾವೆ?”

“ಯಾವ ಪದಗಳು ಮಾವ?”

ಆಗ ತಿಳಿಯಿತು. ಆ ಸೀಮೆ ಕುರಿ ಕಂಬಳಿಗಳ ಸೀಮೆ. ಮಾವ ಒಂಬತ್ತು ವರ್ಷದಿಂದ ಕಂಬಳಿ ನೇಯುವ ಮುದುಕರ, ಉಣ್ಣೆ ನೂಲುವ ಮುದುಕಿಯರ ಜಗಲಿಗಳಲ್ಲಿ ಕುಳಿತು ಅವರ ಮಾತನ್ನು ಬರೆದುಕೊಂಡಿದ್ದರು. ನಮಗೆ ಹಾಸು, ಹೊಕ್ಕು, ಲಾಳಿ ಎಂಬ ಮೂರು ಪದ ಗೊತ್ತಿದ್ದರೆ ಹೆಚ್ಚು. ಉಣ್ಣೆಯ ಬಣ್ಣಕ್ಕೆ, ಕುರಿಯ ವಯಸ್ಸಿಗೆ, ಹುಣಸೆಬೀಜದ ಗಂಜಿಯ ಹದಕ್ಕೆ, ಮಗ್ಗದ ಒಂದೊಂದು ಕಡ್ಡಿಗೆ ಅವರಲ್ಲಿ ಬೇರೆ ಬೇರೆ ಹೆಸರುಗಳಿದ್ದುವಂತೆ. ಚೀಟಿಯಲ್ಲಿ ಬರೆದು ತಂದು ರಾತ್ರಿ ಟೈಪು ಮಾಡುವುದು, ಟೈಪಾದ ಚೀಟಿಯನ್ನು ಬಚ್ಚಲ ಒಲೆಗೆ ಹಾಕುವುದು. ಮನೆಯಲ್ಲಿ ಕಾಗದ ಬೆಳೆಯಬಾರದು ಎಂಬುದು ಅತ್ತೆಯ ಕಟ್ಟಪ್ಪಣೆ. ಕಂಪ್ಯೂಟರಿನಲ್ಲಿದ್ದದ್ದು ಎಲ್ಲಿ ಹೋಗುತ್ತದೆ ಎಂಬುದು ಮಾವನ ಧೈರ್ಯ. ಪದ ಹೇಳಿದವರಲ್ಲಿ ಅರ್ಧ ಜನ ಆಗಲೇ ತೀರಿಕೊಂಡಿದ್ದರು. ಆ ಪಟ್ಟಿಗೆ ಎರಡನೆಯ ಪ್ರತಿ ಇರಲಿಲ್ಲ.

ನಾನು ಏನೂ ಹೇಳದೆ ಯಂತ್ರದ ತಂತಿಯನ್ನು ಗೋಡೆಯಿಂದ ಕಿತ್ತೆ. ಆ ಪುಟ ಬಂದಿದ್ದರೆ ಕೆಲಸ ಮುಗಿದೇ ಹೋಗುತ್ತಿತ್ತು. ಕೆಟ್ಟ ಯಂತ್ರ ಕೆಟ್ಟದ್ದರಿಂದಲೇ ನನ್ನನ್ನು ಕಾಯಿತು. ಹೊರಗೆ ಹೋಗಿ ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ನಿಂತೆ.

ಅಲ್ಲಿಂದಾಚೆಗೆ ಕೆಲಸದ ಗುರಿಯೇ ಬದಲಾಯಿತು. ಹೊಸದನ್ನು ಕೂರಿಸುವುದು ಆಮೇಲಿನ ಮಾತು. ಮೊದಲು ಪದಗಳನ್ನು ಹೊರಗೆ ತರಬೇಕು. ಅದಕ್ಕೂ ಈ ತಟ್ಟೆಯೇ ದಾರಿ. ಡಿಸ್ಕನ್ನು ಮುಟ್ಟದೆ, ತಟ್ಟೆಯಿಂದಲೇ ನೇರವಾಗಿ ನಡೆಯುವ ಒಂದು ಬಗೆಯನ್ನು ಈ ಲಿನಕ್ಸುಗಳು ಇಟ್ಟುಕೊಂಡಿರುತ್ತವೆ. ಸ್ಥಾಪಿಸದೆ ಪ್ರಯತ್ನಿಸಿ ಎಂಬ ಆಯ್ಕೆ ಅದು. ಆ ಬಗೆಯಲ್ಲಿ ಎಬ್ಬಿಸಿ, ಡಿಸ್ಕನ್ನು ತೆರೆದು, ಬೇಕಾದ್ದನ್ನು ಪೆನ್ ಡ್ರೈವಿಗೆ ಎತ್ತಿಕೊಳ್ಳಬಹುದು. ಆದರೆ ಎರಡು ನಿಮಿಷಕ್ಕೊಮ್ಮೆ ಕಲ್ಲಾಗುವ ಯಂತ್ರವನ್ನು ನಂಬಿ ಒಂಬತ್ತು ವರ್ಷದ ಕೆಲಸವನ್ನು ಎತ್ತಿಸುವುದು ಹೇಗೆ? ಕೈ ನಡುಗುವವನಿಗೆ ಎಣ್ಣೆ ಗಡಿಗೆ ಕೊಟ್ಟಂತೆ. ರೋಗ ಎಲ್ಲಿದೆ ಎಂದು ಮೊದಲು ತಿಳಿಯಬೇಕಾಯಿತು.

ಆಗಿನ ತಟ್ಟೆಯಲ್ಲೇ ಒಂದು ಪರೀಕ್ಷೆ ಇರುತ್ತಿತ್ತು. ಆರಂಭದಲ್ಲಿ ತೆರೆಯ ಕೆಳಗೆ ಒಂದು ಕೀಲಿಮಣೆ, ಒಬ್ಬ ಮನುಷ್ಯ, ಇಷ್ಟು ಚಿಕ್ಕ ಚಿತ್ರ ಕೆಲವು ಕ್ಷಣ ಮೂಡಿ ಹೋಗುತ್ತಿತ್ತು. ಆಗ ಯಾವುದಾದರೊಂದು ಗುಂಡಿ ಒತ್ತಿದರೆ ಒಂದು ಪಟ್ಟಿ ಬರುತ್ತಿತ್ತು. ಅದರಲ್ಲಿ ತಟ್ಟೆಯ ದೋಷ ಪರೀಕ್ಷೆ, ಸ್ಮೃತಿ ಪರೀಕ್ಷೆ ಎಂಬ ಎರಡು ಸಾಲುಗಳಿದ್ದುವು. ಆ ಚಿತ್ರವನ್ನು ನಾನು ನೂರು ಸಲ ನೋಡಿದ್ದೆ, ಒಂದು ಸಲವೂ ಗುಂಡಿ ಒತ್ತಿರಲಿಲ್ಲ. ಇಷ್ಟು ಉಪಯೋಗದ ವಸ್ತುವನ್ನು ಇಷ್ಟು ಮರೆಯಲ್ಲಿ ಇಟ್ಟವರು ಯಾರೋ!

ತಟ್ಟೆಯ ಪರೀಕ್ಷೆ ನಡೆಸಿದೆ. ಪ್ರತಿ ಕಡತದ ಲೆಕ್ಕವನ್ನೂ ಮತ್ತೆ ಹಾಕಿ ಬರೆದಿಟ್ಟ ಲೆಕ್ಕದೊಡನೆ ತಾಳೆ ನೋಡುವ ಪರೀಕ್ಷೆ ಇದು. ಬಹಳ ಹೊತ್ತಾದ ಮೇಲೆ, ಮೂರು ಕಡತಗಳಲ್ಲಿ ದೋಷವಿದೆ ಎಂದಿತು. ತಟ್ಟೆಯೇ ಕೆಟ್ಟದ್ದು ಎಂದು ಎದ್ದೆ. ಮಾವ ನಲವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವರು. “ಇನ್ನೊಂದು ಸಲ ಹಾಕು” ಎಂದರು. ಇನ್ನೊಂದು ಸಲಕ್ಕೆ ಐದು ಎಂದಿತು.

ಇಬ್ಬರೂ ಮುಖ ಮುಖ ನೋಡಿಕೊಂಡೆವು. ತಟ್ಟೆಯ ಮೇಲೆ ಬರೆದದ್ದು ಅರ್ಧ ಗಂಟೆಯಲ್ಲಿ ಬದಲಾಗುವುದಿಲ್ಲ. ಹುಡುಗ ಒಂದೇ ಲೆಕ್ಕವನ್ನು ಪ್ರತಿ ಸಲವೂ ಒಂದೇ ರೀತಿ ತಪ್ಪು ಮಾಡಿದರೆ ಪುಸ್ತಕದಲ್ಲಿ ಅಚ್ಚಿನ ತಪ್ಪಿರಬಹುದು. ಪ್ರತಿ ಸಲ ಬೇರೆ ಬೇರೆ ಉತ್ತರ ಬರೆದರೆ ಪುಸ್ತಕವನ್ನು ದೂರಿ ಫಲವಿಲ್ಲ. ನಮ್ಮ ಯಂತ್ರ ಮೂರು ಬಾರಿ ಮೂರು ಕಡೆ ನಿಂತಿತ್ತು ಎಂಬುದೂ ಆಗ ನೆನಪಾಯಿತು. ಯಾವಾಗಲೂ ಒಂದೇ ಮೆಟ್ಟಿಲಲ್ಲಿ ಎಡವಿದರೆ ಮೆಟ್ಟಿಲನ್ನು ನೋಡಬೇಕು, ಎಲ್ಲೆಂದರಲ್ಲಿ ಎಡವಿದರೆ ಕಾಲನ್ನು ನೋಡಬೇಕು. ಇದು ಇಂದಿಗೂ ನಾನು ಮೊದಲು ಕೇಳುವ ಪ್ರಶ್ನೆ: ಎಲ್ಲಿ ನಿಂತಿತು ಎಂದಲ್ಲ, ಎರಡನೆಯ ಸಲವೂ ಅಲ್ಲಿಯೇ ನಿಂತಿತೇ ಎಂದು.

ಪಟ್ಟಿಯ ಇನ್ನೊಂದು ಸಾಲಿಗೆ ಬಂದೆವು. ಸ್ಮೃತಿ ಎಂದರೆ ರ‍್ಯಾಮ್, ಯಂತ್ರ ಕೆಲಸ ಮಾಡುವಾಗ ಸರಕನ್ನು ಹರಡಿಕೊಳ್ಳುವ ಜಗಲಿ. ಪರೀಕ್ಷೆ ಅದರ ಪ್ರತಿ ಮೂಲೆಯಲ್ಲೂ ಒಂದು ಅಂಕಿ ಬರೆಯುತ್ತದೆ, ತಿರುಗಿ ಬಂದು ಓದುತ್ತದೆ, ಬರೆದದ್ದೇ ಸಿಕ್ಕಿತೇ ಎಂದು ನೋಡುತ್ತದೆ. ನೀಲಿ ತೆರೆ ಕೆಲವು ನಿಮಿಷ ಶಾಂತವಾಗಿತ್ತು. ಆಮೇಲೆ ಕೆಂಪು ಸಾಲು ಒಂದು, ಎರಡು, ಮತ್ತೆ ಎಣಿಸಲಾರದಷ್ಟು. ಬಟಾಣಿ ಹುರಿದಂತೆ ಸಿಡಿಯತೊಡಗಿದುವು.

ಇಷ್ಟು ಕೆಟ್ಟ ಸ್ಮೃತಿಯಿಟ್ಟುಕೊಂಡು ಇಷ್ಟು ದಿನ ಯಂತ್ರ ಹೇಗೆ ನಡೆಯಿತು ಎಂದು ಮಾವ ಕೇಳಿದರು. ಹಳೆಯ ಮನೆಯ ಸೋರುವ ಮೂಲೆ ಮನೆಯವರಿಗೆ ಗೊತ್ತಾಗುವುದು ಮದುವೆಯ ದಿನ. ದಿನನಿತ್ಯ ಅಲ್ಲಿ ಯಾರೂ ಮಲಗುವುದಿಲ್ಲ. ನೆಂಟರು ತುಂಬಿದಾಗ ಅಲ್ಲಿಯೂ ಚಾಪೆ ಹಾಸಬೇಕಾಗುತ್ತದೆ. ಒಂದಿಷ್ಟು ಟೈಪು ಮಾಡಿ ಮುಚ್ಚುವ ಮಾವನ ಕೆಲಸಕ್ಕೆ ಜಗಲಿಯ ಮುಂಭಾಗ ಸಾಕಾಗಿತ್ತು. ತಟ್ಟೆಯಿಂದ ನಡೆಯುವ ವ್ಯವಸ್ಥೆಯಾದರೋ ತನ್ನ ಸಂಸಾರವನ್ನೆಲ್ಲ ಸ್ಮೃತಿಯಲ್ಲೇ ಹೂಡುತ್ತದೆ, ಮೂಲೆ ಮೂಲೆಯನ್ನೂ ಬಳಸುತ್ತದೆ. ಎಕ್ಸ್‌ಪಿಯ ಆ ಒಂದು ಕಡತ ಕೆಟ್ಟದ್ದೂ ಯಾವುದೋ ಸಂಜೆ ಈ ಮೂಲೆಯಲ್ಲಿ ಇಟ್ಟು ತೆಗೆದದ್ದರಿಂದಲೇ ಇರಬಹುದು. ಹಾಗಿದ್ದರೆ ಎಲ್ಲರೂ ಹೇಳಿದ ಔಷಧದಿಂದ ರೋಗ ಹೋಗುತ್ತಿರಲಿಲ್ಲ, ಪದಗಳು ಮಾತ್ರ ಹೋಗುತ್ತಿದ್ದುವು.

ಪೆಟ್ಟಿಗೆ ಬಿಚ್ಚಿದೆವು. ಧೂಳಿನ ಬಗ್ಗೆ ಹೇಳುವುದಿಲ್ಲ. ಒಂದು ಜೇಡ ಸಂಸಾರ ಹೂಡಿತ್ತು. 512 ಮೆಗಾಬೈಟಿನ ಎರಡು ರ‍್ಯಾಮ್ ಪಟ್ಟಿಗಳಿದ್ದುವು. ತಂತಿ ಕಿತ್ತಿದೆಯೇ ಎಂದು ಎರಡು ಬಾರಿ ನೋಡಿ, ಕೈಯಿಂದ ಲೋಹದ ಪೆಟ್ಟಿಗೆಯನ್ನು ಮುಟ್ಟಿ ಮೈಯ ವಿದ್ಯುತ್ತನ್ನು ಇಳಿಸಿ, ಎರಡನ್ನೂ ತೆಗೆದು ಅವುಗಳ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿದೆವು. ಎಷ್ಟೋ ವೇಳೆ ಇಷ್ಟರಿಂದಲೇ ಗುಣವಾಗುತ್ತದೆ. ನಮಗೆ ಆಗಲಿಲ್ಲ. ಇಲ್ಲಿ ನನಗೆ ಎರಡನ್ನೂ ಒಟ್ಟಿಗೆ ಹಾಕಿ ಅದೃಷ್ಟ ನೋಡುವ ಆತುರ. ಮಾವ ಬಿಡಲಿಲ್ಲ, ಒಂದೊಂದನ್ನೇ ಹಾಕಿಸಿ, ಒಂದೊಂದಕ್ಕೂ ಪೂರ್ತಿ ಪರೀಕ್ಷೆ ಮಾಡಿಸಿ, ಹಳೆಯ ಹಾಜರಿ ಪುಸ್ತಕದ ಹಾಳೆಯಲ್ಲಿ ಬರೆದುಕೊಂಡರು. ಒಂದು ಪಟ್ಟಿ ಯಾವ ಜಾಗದಲ್ಲಿ ಇಟ್ಟರೂ ಕೆಂಪು. ಇನ್ನೊಂದು ರಾತ್ರಿಯಿಡೀ ಓಡಿದರೂ ಒಂದು ಕೆಂಪು ಸಾಲೂ ಇಲ್ಲ. ಕೆಟ್ಟದ್ದನ್ನು ಅತ್ತೆ ಗೂಡಿನಲ್ಲಿ ಇಟ್ಟರು, ಯಾವುದಕ್ಕಾದರೂ ಬರುತ್ತದೆಂದು.

ಬೆಳಗ್ಗೆ ಒಳ್ಳೆಯ ಪಟ್ಟಿಯೊಂದಿಗೆ ತಟ್ಟೆಯ ಪರೀಕ್ಷೆಯನ್ನು ಮತ್ತೆ ನಡೆಸಿದೆವು. ಒಂದು ಕಡತದಲ್ಲಿ ದೋಷ ಎಂದಿತು. ಮತ್ತೆ ಹಾಕಿದೆವು, ಒಂದು. ಮತ್ತೊಮ್ಮೆ, ಅದೇ ಒಂದು: ಇಡೀ ವ್ಯವಸ್ಥೆಯನ್ನು ಅದುಮಿ ಕಟ್ಟಿಟ್ಟ ದೊಡ್ಡ ಕಡತ. ಈಗ ಮೆಟ್ಟಿಲಿನ ಸರದಿ! ಒಂದು ರೋಗ ಇನ್ನೊಂದರ ಬೆನ್ನ ಹಿಂದೆ ಅಡಗಿ ಕುಳಿತಿತ್ತು. ಮೊದಲ ದಿನ ಯಾವನಾದರೂ ಬೇರೆ ತಟ್ಟೆ ತಂದಿದ್ದರೆ ಸ್ಮೃತಿಯಿಂದ ಸೋಲುತ್ತಿದ್ದ, ಬೇರೆ ಸ್ಮೃತಿ ತಂದಿದ್ದರೆ ತಟ್ಟೆಯಿಂದ ಸೋಲುತ್ತಿದ್ದ. ಎರಡು ಸಲವೂ ತನ್ನ ಊಹೆ ತಪ್ಪೆಂದು ತಿಳಿದು ಸರಿಯಾದ ದಾರಿಯನ್ನೇ ಬಿಟ್ಟುಬಿಡುತ್ತಿದ್ದ.

ತಟ್ಟೆಯ ತಪ್ಪು ಪೂರ್ತಿ ನನ್ನದು. ಬಸ್ಸಿನ ಆತುರದಲ್ಲಿ 52 ಪಟ್ಟು ವೇಗದಲ್ಲಿ ಬರೆದಿದ್ದೆ. ಒಂದು ಪಟ್ಟು ವೇಗದಲ್ಲಿ ತುಂಬಿದ ಸಿ. ಡಿ. ಬರೆಯಲು 80 ನಿಮಿಷ ಬೇಕು. ಎಂಟು ಪಟ್ಟಿನಲ್ಲಿ ಹತ್ತು ನಿಮಿಷ. 52 ಎಂದರೆ ಎರಡು ಮೂರು ನಿಮಿಷಗಳ ಮಾತು. ಆ ವೇಗದಲ್ಲಿ ತಟ್ಟೆ ಗಿರ್ರೆಂದು ತಿರುಗುವಾಗ ಹೊರ ಅಂಚಿನ ಸಾಲುಗಳು ಬರೆಯುವ ಬೆಳಕಿನ ಕೆಳಗೆ ಎಲ್ಲಕ್ಕಿಂತ ವೇಗವಾಗಿ ಹಾದುಹೋಗುತ್ತವೆ. ಒಳಗಿನ ಬರಹ ಅಚ್ಚುಕಟ್ಟಾಗಿಯೂ ಹೊರಗಿನದು ಮಾಸಲಾಗಿಯೂ ಬರುವುದುಂಟು. ಬರಹ ಒಳಗಿನಿಂದ ಆರಂಭವಾಗುತ್ತದೆಂದು ಆಗಲೇ ಹೇಳಿದೆನಷ್ಟೆ. ಆದ್ದರಿಂದಲೇ ಇಂಥ ತಟ್ಟೆ ಮೊದಲು ಚೆನ್ನಾಗಿ ಎದ್ದು, ನಮಗೆ ಆಸೆ ಹುಟ್ಟಿಸಿ, ಮುಕ್ಕಾಲು ದಾರಿಯಲ್ಲಿ ಕೈ ಬಿಡುತ್ತದೆ.

ಮೂಲ ಪ್ರತಿ ನನ್ನ ಪೆನ್ ಡ್ರೈವಿನಲ್ಲಿತ್ತು. ಬಸ್ ನಿಲ್ದಾಣದ ಬಳಿ ಮದುವೆಯ ಫೋಟೋಗಳನ್ನು ಸಿ. ಡಿ.ಗೆ ಹಾಕಿಕೊಡುವ ಒಂದು ಸ್ಟುಡಿಯೋ. ಅಲ್ಲಿಯ ಹುಡುಗ ಬಲು ಚುರುಕು, ನಾನು ಮಾತು ಮುಗಿಸುವುದರೊಳಗೆ ತಟ್ಟೆ ಕೈಗಿಟ್ಟ. ತೆರೆದು ನೋಡಿದರೆ ಐ. ಎಸ್. ಓ. ಎಂದು ಕೊನೆಗೊಳ್ಳುವ ಒಂದೇ ಒಂದು ಕಡತ ಕುಳಿತಿತ್ತು. ಇದು ಬಹುಶಃ ಈ ವಿದ್ಯೆಯಲ್ಲಿ ಅತ್ಯಂತ ಸಾಮಾನ್ಯವಾದ ತಪ್ಪು. ಆ ಕಡತ ಸರಕಲ್ಲ, ಇಡೀ ತಟ್ಟೆಯ ಪಡಿಯಚ್ಚು. ಅದನ್ನು ಬಿಂಬವಾಗಿ ಬರೆ ಎಂದು ತಂತ್ರಾಂಶಕ್ಕೆ ಹೇಳಬೇಕು. ಬರಿದೆ ನಕಲು ಮಾಡಿದರೆ ಬೀಜದ ಮೂಟೆಯನ್ನು ಬಿಚ್ಚದೆ ಹೊಲದ ನಡುವೆ ಇಟ್ಟು ಮಳೆಗೆ ಕಾದಂತಾಗುತ್ತದೆ. ಸರಿಯಾಗಿ ಬರೆದ ತಟ್ಟೆಯನ್ನು ತೆರೆದರೆ ಹಲವು ಕೋಶಗಳೂ ಕಡತಗಳೂ ಕಾಣಬೇಕು. ಹುಡುಗನಿಗೆ ಬೇಸರವಾಗದಂತೆ ಇನ್ನೊಂದು ಖಾಲಿ ತಟ್ಟೆ ಕೊಂಡು ನಾನೇ ಕುಳಿತೆ. ಈ ಬಾರಿ ಬರೆಯುವ ಮೊದಲು, ಹಿಂದೆ ಮಾಡದೆ ಬಿಟ್ಟಿದ್ದ ಕೆಲಸವನ್ನೂ ಮಾಡಿದೆ. ಕಡತವನ್ನು ಹಂಚುವವರು ಆಗ ಅದರ ಜೊತೆಗೆ 32 ಅಕ್ಷರಗಳ ಒಂದು ಮುದ್ರೆಯನ್ನು ಪ್ರಕಟಿಸುತ್ತಿದ್ದರು. ನಮಗೆ ಬಂದ ಕಡತದಿಂದ ನಾವೂ ಅದೇ ಲೆಕ್ಕ ಹಾಕಿಸಿದರೆ ಅವೇ 32 ಅಕ್ಷರ ಬರಬೇಕಿತ್ತು. 700 ಮೆಗಾಬೈಟಿನಲ್ಲಿ ಒಂದು ಚುಕ್ಕೆ ಬದಲಾಗಿದ್ದರೂ ಮುದ್ರೆಯ ಚಹರೆಯೇ ಬದಲಾಗುತ್ತದೆ. ತಾಳೆಯಾಯಿತು. ಎಂಟು ಪಟ್ಟು ವೇಗದಲ್ಲಿ ಬರೆದೆ. ಹತ್ತು ನಿಮಿಷ ಸ್ಟುಡಿಯೋದಲ್ಲಿ ಕುಳಿತು ಬೇರೆಯವರ ಮದುವೆಯ ಚಿತ್ರ ನೋಡಿದೆ.

ಮನೆಗೆ ತಂದು ಪರೀಕ್ಷೆ ಹಾಕಿದಾಗ, ದೋಷವಿಲ್ಲ ಎಂದಿತು. ಸ್ಥಾಪಿಸದೆ ನಡೆಸುವ ಬಗೆಯಲ್ಲಿ ಎಬ್ಬಿಸಿದೆವು. ಡಿಸ್ಕು ತೆರೆಯಿತು. ಕೋಶದೊಳಗೆ ಕೋಶ ಹೊಕ್ಕು ಮಾವ ಬೆರಳಿಟ್ಟು ತೋರಿಸಿದರು: “ಇದೇ, ಇದೇ.” ಎರಡು ಪೆನ್ ಡ್ರೈವುಗಳಿಗೆ ಬೇರೆ ಬೇರೆಯಾಗಿ ಎತ್ತಿ, ಅವುಗಳ ಮುದ್ರೆಗಳನ್ನೂ ಮೂಲದೊಡನೆ ತಾಳೆ ನೋಡಿದೆ. ಒಂದು ಕಡತವನ್ನು ಬಿಚ್ಚಿದೆ.

ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ಇಂಗ್ಲಿಷಿನ ಅಕ್ಷರ, ಆವರಣ ಚಿಹ್ನೆ, ಪೌಂಡಿನ ಗುರುತು, ಎಲ್ಲ ಕಲಸಿದ ಒಂದು ಚಿತ್ರಾನ್ನ. ಮಾವ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಏನೂ ಹೇಳಲಿಲ್ಲ. ನನಗೂ ಎದೆ ಧಸಕ್ಕೆಂದಿತು. ಸ್ಮೃತಿ ಕೆಟ್ಟಿದ್ದ ದಿನಗಳಲ್ಲಿ ಇದೂ ಕೆಟ್ಟಿತೇ ಎಂದು. ಆದರೆ ಕೆಟ್ಟ ಕಡತ ಹೀಗೆ ಅಚ್ಚುಕಟ್ಟಾಗಿ ಸಾಲು ಸಾಲಾಗಿ ಕೆಡುವುದಿಲ್ಲ. ಒಂದೇ ಬಗೆಯ ಗುರುತುಗಳು ಮತ್ತೆ ಮತ್ತೆ ಬರುತ್ತಿದ್ದುವು. ಮಾವ ಟೈಪು ಮಾಡುತ್ತಿದ್ದದ್ದು ನುಡಿ ತಂತ್ರಾಂಶದಲ್ಲಿ. ಅದರ ಹಳೆಯ ಅಕ್ಷರಗಳು ಯೂನಿಕೋಡ್ ಅಲ್ಲ. ಇಂಗ್ಲಿಷಿನ ಅಂಕಗಳಿಗೇ ಕನ್ನಡದ ಮುಖವಾಡ ತೊಡಿಸಿದ ಫಾಂಟುಗಳು ಅವು. ಮುಖವಾಡ ಎಕ್ಸ್‌ಪಿಯ ಮನೆಯಲ್ಲೇ ಉಳಿದಿತ್ತು. ಅದೇ ಡಿಸ್ಕಿನ ಫಾಂಟ್ಸ್ ಕೋಶದಿಂದ ಅದನ್ನು ಹುಡುಕಿ ತಂದು ಹೊಸ ವ್ಯವಸ್ಥೆಗೆ ತೊಡಿಸಿ, ಕಡತವನ್ನು ಮತ್ತೆ ಬಿಚ್ಚಿದೆ. ತೆರೆಯ ತುಂಬ ಕನ್ನಡ.

ಅಂದು ಪ್ರತಿಷ್ಠಾಪನೆ ಮಾಡಲು ಮಾವ ಒಪ್ಪಲಿಲ್ಲ. ಒಂದೊಂದು ಪುಟವನ್ನೂ ತೆರೆಸಿ, ಹೇಳಿದವರ ಹೆಸರನ್ನೂ ಪದವನ್ನೂ ಗಟ್ಟಿಯಾಗಿ ಓದಿ, ಕತ್ತಲಾಗುವವರೆಗೆ ತಾಳೆ ನೋಡಿದರು. ಮಾರನೆಯ ಬೆಳಗ್ಗೆ, ಪಕ್ಕದಲ್ಲಿ ಸ್ಥಾಪಿಸು ಎಂಬ ಆಯ್ಕೆಯಿಂದ, ಹಳೆಯದಕ್ಕೆ ಅದರ ಜಾಗ ಬಿಟ್ಟು ಹೊಸದನ್ನು ಕೂರಿಸಿದೆವು. ಮುಕ್ಕಾಲು ಗಂಟೆ ಹಿಡಿಯಿತು. ಎಲ್ಲಿಯೂ ನಿಲ್ಲಲಿಲ್ಲ.

ಈಗಿನ ಯಂತ್ರಗಳಲ್ಲಿ ತಟ್ಟೆಯ ಬಾಯಿಯೇ ಇರುವುದಿಲ್ಲ, ಎಲ್ಲರೂ ಪೆನ್ ಡ್ರೈವಿನಿಂದ ಹಾಕುತ್ತಾರೆ. ಬಯಾಸಿನ ಜಾಗದಲ್ಲಿ ಯು. ಇ. ಎಫ್. ಐ. ಬಂದಿದೆ. ಡಿಸ್ಕನ್ನು ಭಾಗ ಮಾಡುವ ಹಳೆಯ ಕ್ರಮಕ್ಕೂ ಹೊಸ ಕ್ರಮಕ್ಕೂ ಹೊಂದದೆ ಪ್ರತಿಷ್ಠಾಪನೆ ನಿಲ್ಲುವುದು ಇಂದಿನ ಹೊಸ ರೋಗ. ಆದರೂ ಕಡತದ ಮುದ್ರೆ, ಬಾಗಿಲು ತಟ್ಟುವ ಸರದಿ, ಸ್ಮೃತಿಯ ಪರೀಕ್ಷೆ ಇವು ಹಾಗೆಯೇ ಇವೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತ ಮೇಲೆ ಹಳೆಯ ಯಂತ್ರವಿರುವ ಬಂಧುಗಳು ನನಗೆ ಮತ್ತೆ ಫೋನು ಮಾಡತೊಡಗಿದ್ದಾರೆ. ಒಳಗೆ ಏನಿದೆ ಎಂದು ಈಗ ಮೊದಲೇ ಕೇಳುತ್ತೇನೆ. “ಏನೂ ಇಲ್ಲ, ಎಲ್ಲಾ ಅಳಿಸಿಬಿಡು” ಎನ್ನುತ್ತಾರೆ. ಇನ್ನೊಮ್ಮೆ ಕೇಳುತ್ತೇನೆ.

ಮಾವನ ಪಟ್ಟಿ ಈಗ ಯೂನಿಕೋಡಿಗೆ ಬಂದಿದೆ, ಮೂರು ಊರುಗಳಲ್ಲಿ ಅದರ ಪ್ರತಿಗಳಿವೆ. ಟೈಪಾದ ಚೀಟಿಗಳನ್ನು ಅತ್ತೆ ಒಲೆಗೆ ಹಾಕುವುದನ್ನು ನಿಲ್ಲಿಸಿದ್ದಾರೆ. ಅಟ್ಟದ ಮೇಲೆ ಒಂದು ಟ್ರಂಕು ತುಂಬಿ ಎರಡನೆಯದು ಆರಂಭವಾಗಿದೆ. ಕೆಟ್ಟ ರ‍್ಯಾಮ್ ಪಟ್ಟಿ ಇನ್ನೂ ಗೂಡಿನಲ್ಲಿಯೇ ಇದೆಯಂತೆ.